ಮೇಡನ್ ಕ್ಯಾಸಲ್ ನೋಡುವುದು ಹೇಗೆ: ಬಿಳಿಗಲ್ಲಿನ ಗುಡ್ಡ, ಮಣ್ಣಿನ ಕೋಟೆ

ಕೋಟೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಲ್ಲಿನ ಗೋಡೆ, ಬುರುಜು, ಬತೇರಿ. ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯ ಮೇಡನ್ ಕ್ಯಾಸಲ್‌ನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರುವುದು ಹುಲ್ಲು, ಕುರಿ, ಜೋರು ಗಾಳಿ ಮತ್ತು ಗುಡ್ಡವನ್ನು ಸುತ್ತಿಕೊಂಡ ಮಣ್ಣಿನ ಏರಿಗಳು. ಯುರೋಪಿನ ದೊಡ್ಡ ಗುಡ್ಡಗೋಟೆಗಳಲ್ಲಿ ಇದೂ ಒಂದು. ಒಳಗಿನ ಜಾಗವೇ ಸುಮಾರು 19 ಹೆಕ್ಟೇರ್, ಅಂದರೆ 47 ಎಕರೆ. ಆದರೂ ತುಂಬಾ ಜನ ಹತ್ತಿ, ನಾಲ್ಕು ಫೋಟೊ ತೆಗೆದು, "ಬರೀ ಹುಲ್ಲುಗಾವಲು" ಎಂದು ಇಳಿದುಬಿಡುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಮಕ್ಕಳ ಮನೆಗೆಂದು ಬಂದಿರುವ ಅಪ್ಪ-ಅಮ್ಮಂದಿರಿಗೆ ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಮತ್ತೆ ಮತ್ತೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವುದು ಯಾವುದರ ಮೇಲೆ ಕೂತಿದೆ? ಒಂದು ಏರಿ ಇನ್ನೊಂದು ದಿಬ್ಬದ ಮೇಲೆ ಹಾದುಹೋಗಿದ್ದರೆ, ಕೆಳಗಿನದು ಹಳೆಯದು. ಒಂದು ಕಂದಕ ಇನ್ನೊಂದನ್ನು ಕತ್ತರಿಸಿದ್ದರೆ, ಕತ್ತರಿಸಿದ್ದು ಹೊಸದು. ಇಷ್ಟು ಗೊತ್ತಿದ್ದರೆ ಸಾಕು, ಯಾವ ಪದವಿಯೂ ಇಲ್ಲದೆ ನಾಲ್ಕು ಸಾವಿರ ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಿ ನೋಡಬಹುದು.

ಹೊರಡುವ ಮೊದಲು ಮನೆಯಲ್ಲೇ ಒಂದು ಸಲ

ಗುಡ್ಡದ ಮೇಲೆ ನಿಂತಾಗ ಗುಡ್ಡದ ಆಕಾರ ಕಾಣುವುದಿಲ್ಲ. ಅದಕ್ಕೇ ಮೊದಲು ಮೇಲಿನಿಂದ ನೋಡಿ. ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರ ಪರವಾಗಿಲ್ಲ, ಆದರೆ ಲೈಡಾರ್ ಚಿತ್ರ ಅದಕ್ಕಿಂತ ಎಷ್ಟೋ ಮೇಲು. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆದು ಮಾಡಿದ ಚಿತ್ರ ಅದು. ಹುಲ್ಲು, ಪೊದೆ ಎಲ್ಲ ಕಳಚಿ ಬರೀ ನೆಲ ಕಾಣುತ್ತದೆ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಭೂಪಟ ತಾಣದಲ್ಲಿ ಇಂಗ್ಲೆಂಡಿನ ಲೈಡಾರ್ ಪದರ ಉಚಿತವಾಗಿ ಸಿಗುತ್ತದೆ. ಹಳೆಯ ನಕ್ಷೆ ಒಂದು ಕಡೆ, ಲೈಡಾರ್ ಒಂದು ಕಡೆ ಇಟ್ಟು ನೋಡುವ ಸೌಲಭ್ಯವೂ ಅಲ್ಲಿದೆ.

ಆ ಚಿತ್ರದಲ್ಲಿ ಮೂರು ಸಂಗತಿ ಗುರುತು ಮಾಡಿಕೊಳ್ಳಿ. ಗುಡ್ಡಕ್ಕೆ ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು, ಹೀಗೆ ಎರಡು ಉಬ್ಬುಗಳಿವೆ. ನಡುವೆ ಸ್ವಲ್ಪ ತಗ್ಗು. ಎರಡೂ ತುದಿಗಳಲ್ಲಿ ಏರಿಗಳು ಗೋಜಲು ಗೋಜಲಾಗಿ ಹೆಣೆದುಕೊಂಡಿವೆ, ಅವೇ ಹೆಬ್ಬಾಗಿಲುಗಳು. ಇನ್ನು ಒಳಗಿನ ಬಯಲಿನಲ್ಲಿ ಉದ್ದಕ್ಕೆ ಮಲಗಿದ ಒಂದು ತೆಳು ಗೆರೆ. ಅದನ್ನು ನೆಲದ ಮೇಲೆ ಹುಡುಕುವುದೇ ಈ ಭೇಟಿಯ ಅತಿ ಕಷ್ಟದ, ಅತಿ ಖುಷಿಯ ಕೆಲಸ.

ಯಾವಾಗ, ಹೇಗೆ

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಡಾರ್ಚೆಸ್ಟರ್ ಸೌತ್‌ಗೆ ನೇರ ರೈಲಿದೆ, ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಬ್ರಿಸ್ಟಲ್, ಬಾತ್ ಕಡೆಯಿಂದ ಬರುವವರು ಡಾರ್ಚೆಸ್ಟರ್ ವೆಸ್ಟ್‌ನಲ್ಲಿ ಇಳಿಯಬೇಕು. ಅಲ್ಲಿಂದ ಗುಡ್ಡಕ್ಕೆ ಸುಮಾರು 3 ಕಿಲೋಮೀಟರ್, ನಡೆದೇ ಹೋಗಬಹುದು. ಕಾರಿದ್ದರೆ ಮೇಡನ್ ಕ್ಯಾಸಲ್ ರಸ್ತೆಯ ಕೊನೆಯಲ್ಲಿ, ಗುಡ್ಡದ ಬುಡದಲ್ಲೇ ನಿಲ್ಲಿಸುವ ಜಾಗ ಇದೆ. ಜಾಗ ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ. ಅಂಗಡಿಯೂ ಇಲ್ಲ, ಶೌಚಾಲಯವೂ ಇಲ್ಲ. ನೀರು, ಬುತ್ತಿ ಕಟ್ಟಿಕೊಂಡು, ಊರಲ್ಲೇ ಬೇಕಾದ್ದು ಮುಗಿಸಿಕೊಂಡು ಹೊರಡಿ.

ಹೊತ್ತಿನ ಆಯ್ಕೆ ಬಹಳ ಮುಖ್ಯ. ನಡು ಮಧ್ಯಾಹ್ನದ ಬಿಸಿಲಲ್ಲಿ ಸಣ್ಣ ದಿಬ್ಬಗಳು ಮಾಯವಾಗುತ್ತವೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದಡಿ ಎತ್ತರದ ಉಬ್ಬಿಗೂ ಉದ್ದ ನೆರಳು ಬರುತ್ತದೆ. ಆದ್ದರಿಂದ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ಕೆಳಗೇ ಇರುತ್ತಾನೆ, ಹುಲ್ಲೂ ಗಿಡ್ಡ. ನನ್ನ ಮಟ್ಟಿಗೆ ಫೆಬ್ರವರಿಯ ಬಿಸಿಲಿರುವ ದಿನವೇ ಉತ್ತಮ. ಆದರೆ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ನೆನಪಿರಲಿ. ಗಾಳಿ ತಡೆಯುವ ಜಾಕೆಟ್ ಬೇಸಿಗೆಯಲ್ಲೂ ಬೇಕು. ಹಿಡಿತ ಇರುವ ಶೂ ಹಾಕಿ. ಒದ್ದೆ ಹುಲ್ಲಿನ ಕೆಳಗೆ ಬಿಳಿಗಲ್ಲು ಇದ್ದರೆ ಕಾಲು ಸೋಪಿನ ಮೇಲೆ ಇಟ್ಟಂತೆ ಜಾರುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಊರುಗೋಲು ತನ್ನಿ, ಕಂದಕಕ್ಕೆ ಇಳಿಯದೆ ಕಾಲುದಾರಿಯಲ್ಲೇ ನಡೆಸಿ.

ಮೊದಲು ಕಲ್ಲು ನೋಡಿ

ಹತ್ತುವಾಗ ಮೊಲ ತೋಡಿದ ಬಿಲ ಕಂಡರೆ ಕೂತು ನೋಡಿ. ಹುಲ್ಲಿನ ಕೆಳಗೆ ಒಂದು ಗೇಣು ಕಂದು ಮಣ್ಣೂ ಇರುವುದಿಲ್ಲ. ಅದರ ಕೆಳಗೆ ಬೆಳ್ಳನೆಯ ಪುಡಿ, ಸಣ್ಣ ಸಣ್ಣ ಬಿಳಿ ಚೂರು, ನಡುವೆ ಗಾಜಿನ ಹಾಗೆ ಒಡೆಯುವ ಕಪ್ಪು-ಬೂದು ಕಲ್ಲು. ಬಿಳಿಯದು ಚಾಕ್, ಸೀಮೆಸುಣ್ಣದಂಥ ಮೆದು ಕಲ್ಲು. ಡೈನೊಸಾರುಗಳ ಕಾಲದ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಯ ಚಿಪ್ಪುಗಳು ಕೋಟ್ಯಂತರ ವರ್ಷ ತಳಕ್ಕಿಳಿದು ಗಟ್ಟಿಯಾದದ್ದು. ಕಪ್ಪಗಿನದು ಚಕಮಕಿ ಕಲ್ಲು. ನೋಡಿ, ಅಲ್ಲೇ ಬಿಡಿ.

ಇಡೀ ಕೋಟೆ ಈ ಕಲ್ಲಿನಿಂದಲೇ ಸಾಧ್ಯವಾಯಿತು. ಚಾಕ್ ಮೆದು. ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು ಅಗೆಯಬಹುದು. ಅಗೆದ ಮೇಲೆ ಕುಸಿಯದೆ ಕಡಿದಾಗಿ ನಿಲ್ಲುತ್ತದೆ. ಮಳೆ ಬಿದ್ದರೆ ನೀರೆಲ್ಲ ಒಳಗೆ ಇಂಗಿಹೋಗುತ್ತದೆ, ಅದಕ್ಕೇ ಇಲ್ಲಿನ ಕಂದಕಗಳಲ್ಲಿ ಯಾವತ್ತೂ ನೀರಿರಲಿಲ್ಲ. ಮೊಸಳೆ ಬಿಟ್ಟ ಕಂದಕವನ್ನು ಕಲ್ಪಿಸಿಕೊಳ್ಳಬೇಡಿ. ಇಲ್ಲಿ ಕಂದಕದ ಕೆಲಸ ಎರಡು: ಏರಿಗೆ ಬೇಕಾದ ಮಣ್ಣು ಕೊಡುವುದು, ಏರಿಯನ್ನು ಇನ್ನಷ್ಟು ಎತ್ತರ ಮಾಡಿ ತೋರಿಸುವುದು. ಹೊಸದಾಗಿ ಕಟ್ಟಿದಾಗ ಇವೆಲ್ಲ ಹಸಿರಾಗಿರಲಿಲ್ಲ. ಹಾಲಿನಷ್ಟು ಬೆಳ್ಳಗೆ, ಮೈಲಿಗಟ್ಟಲೆ ದೂರದಿಂದ ಕಾಣುತ್ತಿದ್ದವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲೆ ನೋಡಿದರೆ ಕೋಟೆಯೇ ಬೇರೆ ಥರ ಕಾಣುತ್ತದೆ.

ಪಶ್ಚಿಮ ಬಾಗಿಲಿನಿಂದ ಒಳಗೆ

ಕಾರ್ ನಿಲ್ಲಿಸುವ ಜಾಗದಿಂದ ದಾರಿ ನಿಮ್ಮನ್ನು ಪಶ್ಚಿಮದ ಬಾಗಿಲಿಗೆ ಒಯ್ಯುತ್ತದೆ. ಅವಸರ ಮಾಡಬೇಡಿ. ಇಲ್ಲಿ ನೇರ ದಾರಿ ಇಲ್ಲವೇ ಇಲ್ಲ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಎರಡೂ ಕಡೆ ಏರಿ ಇರುವ ಓಣಿಯಲ್ಲಿ ನಡೆಯಬೇಕು. ಪ್ರತಿ ತಿರುವಿನಲ್ಲೂ ನಿಂತು ತಲೆ ಎತ್ತಿ ನೋಡಿ: ನಿಮ್ಮ ಮೇಲೆ ಎಷ್ಟು ಕಡೆಯಿಂದ ಕಲ್ಲು ಬೀಸಬಹುದು?

ಇದು ಸುಮ್ನೆ ಊಹೆಯಲ್ಲ. ಕೋಟೆಯ ಇನ್ನೊಂದು ತುದಿಯಲ್ಲಿ, ಪೂರ್ವ ಬಾಗಿಲ ಹತ್ತಿರ, ಒಂದೇ ಗುಂಡಿಯಲ್ಲಿ 20,000ಕ್ಕೂ ಹೆಚ್ಚು ಕವಣೆ ಕಲ್ಲು ಸಿಕ್ಕಿವೆ. ನುಣ್ಣಗೆ, ಹೆಚ್ಚುಕಡಿಮೆ ಒಂದೇ ಗಾತ್ರ. ದಕ್ಷಿಣದ ಚೆಸಿಲ್ ಕಡಲತೀರದಿಂದ ಆರಿಸಿ ಹೊತ್ತು ತಂದವು. ಆ ತೀರದಲ್ಲಿ ಮರಳಿಗಿಂತ ಉರುಟು ಕಲ್ಲುಗಳೇ ಜಾಸ್ತಿ. ಇದು ದಿಢೀರನೆ ಬಂದ ಶತ್ರುವಿಗೆ ಹೆದರಿ ಕೂಡಿಸಿದ್ದಲ್ಲ. ಬಿಡುವಿನಲ್ಲಿ ಲೆಕ್ಕ ಹಾಕಿ ಸಂಗ್ರಹಿಸಿದ್ದು.

ಕಾಲುದಾರಿ ಬಿಟ್ಟು ಏರಿಯ ಮೈಮೇಲೆ ನೇರ ಹತ್ತಬೇಡಿ. ಒಬ್ಬರ ಹೆಜ್ಜೆಯಿಂದ ಏನಾಗುತ್ತದೆ ಅನ್ನಿಸಬಹುದು. ಹುಲ್ಲಿನ ತೆಳು ಹೊದಿಕೆ ಒಮ್ಮೆ ಹರಿದರೆ ಮಳೆ ಅಲ್ಲಿಂದಲೇ ಕೊರೆಯಲು ಶುರು ಮಾಡುತ್ತದೆ. ಎರಡು ಸಾವಿರ ವರ್ಷ ನಿಂತದ್ದು ಕೆಲವೇ ಚಳಿಗಾಲದಲ್ಲಿ ಜರಿದುಬಿಡುತ್ತದೆ.

ಒಳಗಿನ ಬಯಲು: ಇಲ್ಲಿ ನಿಧಾನ

ಈಗ ನೀವು ದೊಡ್ಡ ಬಯಲಿನಲ್ಲಿದ್ದೀರಿ. ಮೊದಲು ದಿಕ್ಕು ಹಿಡಿಯಿರಿ. ಈಶಾನ್ಯಕ್ಕೆ ಡಾರ್ಚೆಸ್ಟರ್ ಊರು. ನೈಋತ್ಯಕ್ಕೆ ದೂರದ ಬೆಟ್ಟದ ಮೇಲೆ ಒಂಟಿ ಕಂಬದಂಥ ಗೋಪುರ ಕಂಡರೆ ಅದು ಟ್ರಫಾಲ್ಗರ್ ಸಮರದ ನೌಕಾಧಿಕಾರಿ ಹಾರ್ಡಿಯ ಸ್ಮಾರಕ. ದಕ್ಷಿಣದ ದಿಗಂತದಲ್ಲಿ ಬೆಟ್ಟಸಾಲಿನ ನೆತ್ತಿಯ ಮೇಲೆ ಸಣ್ಣ ಸಣ್ಣ ಗುಬುಟುಗಳು ಕಾಣುತ್ತವೆ. ಅವು ಕಂಚಿನ ಯುಗದ ಸಮಾಧಿ ದಿಬ್ಬಗಳು.

ಪೂರ್ವಕ್ಕೆ ನಡೆಯಿರಿ. ಗುಡ್ಡದ ನಡುವಿನ ತಗ್ಗಿನ ಹತ್ತಿರ ಬಂದಾಗ ಕಾಲಿಗೆ ಒಂದು ಸಣ್ಣ ಏರು ಸಿಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಬಯಲನ್ನು ಅಡ್ಡ ಕತ್ತರಿಸಿದ ಹಾಗಿರುವ ಗೆರೆ. ಇದು ಮೊದಲ ಕೋಟೆಯ ಪಶ್ಚಿಮ ಗೋಡೆ. ಕ್ರಿ.ಪೂ. 600ರ ಹೊತ್ತಿಗೆ ಇಲ್ಲಿನವರು ಕಟ್ಟಿದ್ದು ಪೂರ್ವದ ಉಬ್ಬನ್ನು ಮಾತ್ರ ಸುತ್ತುವ, ಸುಮಾರು 6.4 ಹೆಕ್ಟೇರಿನ ಒಂಟಿ ಸುತ್ತಿನ ಕೋಟೆ. ಆಗಿನ ಕಂದಕದ ತಳದಿಂದ ಏರಿಯ ತುದಿಗೆ 8 ಮೀಟರಿಗೂ ಹೆಚ್ಚು ಎತ್ತರವಿತ್ತು. ಕ್ರಿ.ಪೂ. 450ರ ಸುಮಾರಿಗೆ ಪಶ್ಚಿಮದ ಉಬ್ಬನ್ನೂ ಸೇರಿಸಿ ಕೋಟೆಯನ್ನು ಮೂರು ಪಟ್ಟು ಹಿಗ್ಗಿಸಿದರು. ಹಳೆಯ ಗೋಡೆ ಬೇಡವಾಯಿತು, ಕಂದಕ ಮುಚ್ಚಿಹೋಯಿತು. ನಿಮ್ಮ ಕಾಲಿಗೆ ಸಿಕ್ಕ ಏರು ಅದರ ಉಳಿಕೆ. ಆಮೇಲೆ ಹೊರಗೆ ಒಂದರ ಮೇಲೊಂದು ಸುತ್ತು ಬಂದವು. ಕೆಲವೆಡೆ ಏರಿಗಳು ಇವತ್ತಿಗೂ 6 ಮೀಟರ್ ಎತ್ತರ ಇವೆ.

ಈಗ ಆ ತೆಳು ಗೆರೆ ಹುಡುಕಿ. ಲೈಡಾರ್ ಚಿತ್ರ ಫೋನಿನಲ್ಲಿಟ್ಟುಕೊಂಡರೆ ಅನುಕೂಲ. ಪೂರ್ವ-ಪಶ್ಚಿಮವಾಗಿ, ಬಯಲಿನ ಉದ್ದಕ್ಕೂ ಮೆತ್ತಗೆ ಉಬ್ಬಿದ ಒಂದು ಸಾಲು. ಅಡ್ಡಡ್ಡ ನಡೆದರೆ ಕಣ್ಣಿಗಿಂತ ಮೊದಲು ಕಾಲಿಗೇ ಗೊತ್ತಾಗುತ್ತದೆ: ಸ್ವಲ್ಪ ತಗ್ಗು, ಸ್ವಲ್ಪ ಉಬ್ಬು, ಮತ್ತೆ ತಗ್ಗು. ಇದು ನವಶಿಲಾಯುಗದ ಉದ್ದ ದಿಬ್ಬ. ಉದ್ದ 546 ಮೀಟರ್! ಅರ್ಧ ಕಿಲೋಮೀಟರಿಗೂ ಜಾಸ್ತಿ. ಎರಡೂ ಬದಿಗೆ ಚರಂಡಿ ತೋಡಿ ನಡುವೆ ಮಣ್ಣು ಪೇರಿಸಿದ್ದಾರೆ. ಅದರ ಕೆಳಗೆ ಇನ್ನೂ ಹಳೆಯದೊಂದಿದೆ. ಕ್ರಿ.ಪೂ. 3600ರ ಆಸುಪಾಸಿನಲ್ಲಿ ಪೂರ್ವದ ಉಬ್ಬಿನ ಸುತ್ತ ಎರಡು ಸುತ್ತು ಕಂದಕ ತೋಡಿದ್ದರು. ಅಖಂಡ ಕಂದಕವಲ್ಲ, ನಡುನಡುವೆ ಬಿಟ್ಟು ಬಿಟ್ಟು ತೋಡಿದ್ದು. ಕಾವಲಿಗಿಂತ ಜನ ಕೂಡುವ ಜಾಗ ಅನ್ನಿಸುತ್ತದೆ. ಅದು ಮುಚ್ಚಿಹೋದ ಮೇಲೆ ಅದರ ಮೇಲಿಂದಲೇ ಉದ್ದ ದಿಬ್ಬವನ್ನು ಎಳೆದರು. ಮೂರು ಸಾವಿರ ವರ್ಷದ ಬಳಿಕ ಬಂದವರು ಆ ದಿಬ್ಬಕ್ಕೆ ಅಡ್ಡವಾಗಿ ಕೋಟೆಯ ಗೋಡೆ ಕಟ್ಟಿದರು. ಕಂದಕ, ಅದರ ಮೇಲೆ ದಿಬ್ಬ, ಅದರ ಮೇಲೆ ಗೋಡೆ. ನಾನು ಮೊದಲಿಗೆ ಹೇಳಿದ ಪ್ರಶ್ನೆಗೆ ಇದಕ್ಕಿಂತ ಚಂದದ ಪಾಠ ಇನ್ನೊಂದಿಲ್ಲ. ಇಲ್ಲೇ ಅರ್ಧ ಗಂಟೆ ಕಳೆಯಿರಿ.

ಈ ಬಯಲಿನಲ್ಲಿ ದುಂಡು ಗುಡಿಸಲುಗಳಿದ್ದವು, ಸಾಲಾಗಿ ಕೂಡ ಇದ್ದವು. ನೂರಾರು ಜನ ವಾಸವಿದ್ದರು. ಅವರ ಉಣ್ಣುವ ಕಾಳೆಲ್ಲ ನೆಲದೊಳಗೆ. ಚಾಕ್ ಕೊರೆದು ಆಳದ ಗುಂಡಿ ಮಾಡಿ, ಕಾಳು ತುಂಬಿ, ಬಾಯಿಯನ್ನು ಜೇಡಿಮಣ್ಣಿನಿಂದ ಮೆತ್ತುತ್ತಿದ್ದರು. ನಮ್ಮ ಬಯಲುಸೀಮೆಯ ಹಗೇವು ನೋಡಿದವರಿಗೆ, ಅಥವಾ ಅಜ್ಜನಿಂದ ಕೇಳಿದವರಿಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಚಿನ ಕಾಳು ಮೊಳೆಯುತ್ತಾ ಒಳಗಿನ ಗಾಳಿಯನ್ನೆಲ್ಲ ಮುಗಿಸಿಬಿಡುತ್ತದೆ. ಉಸಿರಾಡಲು ಗಾಳಿಯಿಲ್ಲದೆ ಹುಳ ಬದುಕುವುದಿಲ್ಲ, ಉಳಿದ ಕಾಳು ಕೆಡುವುದಿಲ್ಲ. ಈಗ ಆ ಗುಂಡಿಗಳೆಲ್ಲ ಮುಚ್ಚಿವೆ. ಅಲ್ಲಲ್ಲಿ ಹುಲ್ಲಿನಲ್ಲಿ ತಟ್ಟೆಯಂಥ ತಗ್ಗು ಕಂಡರೆ ಇದನ್ನು ನೆನಪು ಮಾಡಿಕೊಳ್ಳಿ.

ಬಯಲಿನ ಈಶಾನ್ಯದ ಕಡೆ ಕಲ್ಲಿನ ತಳಪಾಯ ಸಿಗುತ್ತದೆ. ಇಡೀ ಗುಡ್ಡದ ಮೇಲೆ ಕಣ್ಣಿಗೆ ಕಾಣುವ ಕಟ್ಟಡ ಅಂದರೆ ಇದೇ. ಕ್ರಿ.ಶ. ನಾಲ್ಕನೇ ಶತಮಾನದ ಕೊನೆಯ ಕಾಲದ ರೋಮನ್ ಗುಡಿ: ನಡುವೆ ಚೌಕದ ಗರ್ಭಗುಡಿ, ಸುತ್ತ ಪ್ರದಕ್ಷಿಣೆಯ ಜಾಗ. ಕೋಟೆಯಲ್ಲಿ ಜನ ವಾಸ ಬಿಟ್ಟು ಮುನ್ನೂರು ವರ್ಷ ಕಳೆದ ಮೇಲೂ ಯಾರೋ ಇಲ್ಲಿಗೇ ಬಂದು ಗುಡಿ ಕಟ್ಟಿದರು. ಬೇಗ ನೋಡಿ ಮುಂದೆ ಹೋಗಬಹುದು.

ಪೂರ್ವ ಬಾಗಿಲು ಮತ್ತು ವೀಲರ್ ಹೇಳಿದ ಕತೆ

ಇಲ್ಲಿ ನಿಲ್ಲುವ ಮೊದಲು ಒಬ್ಬರ ಪರಿಚಯ ಬೇಕು. ಮಾರ್ಟಿಮರ್ ವೀಲರ್ ಮತ್ತು ಅವರ ಹೆಂಡತಿ ಟೆಸ್ಸಾ 1934ರಲ್ಲಿ ಇಲ್ಲಿ ಉತ್ಖನನ ಶುರು ಮಾಡಿದರು. ಕೆಲಸ 1937ರವರೆಗೆ ನಡೆಯಿತು. ಟೆಸ್ಸಾ 1936ರಲ್ಲೇ ತೀರಿಕೊಂಡರು. ಕ್ಷೇತ್ರದ ಎಷ್ಟೋ ಜವಾಬ್ದಾರಿ ಹೊತ್ತಿದ್ದವರು ಅವರು, ಹೆಸರು ಮಾತ್ರ ಗಂಡನದೇ ಉಳಿಯಿತು. ನೆಲವನ್ನು ಚೌಕ ಚೌಕವಾಗಿ ವಿಂಗಡಿಸಿ, ನಡುವೆ ಮಣ್ಣಿನ ಗೋಡೆ ಉಳಿಸಿ, ಆ ಗೋಡೆಯಲ್ಲಿ ಪದರಗಳನ್ನು ಓದುವ ಕ್ರಮವನ್ನು ಈ ದಂಪತಿ ಇಲ್ಲಿ ಬೆಳೆಸಿದರು.

ಇದೇ ವೀಲರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದರು. ಮೈಸೂರು ಸಂಸ್ಥಾನದ ಪುರಾತತ್ವ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಎರಡೂ ಕಡೆ ಮೊದಲೇ ಅಗೆದಿದ್ದರು, ಅದನ್ನು ಮರೆಯಬಾರದು. ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿಯ ಜನರ ಪದರ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲದ ಪದರ, ಅದರ ಮೇಲೆ ಶಾತವಾಹನರ ಕಾಲದ್ದು ಎಂದು ವೀಲರ್ ಸಾಲು ಹಿಡಿದು ತೋರಿಸಿದ್ದು ಡಾರ್ಸೆಟ್ಟಿನ ಈ ಗುಡ್ಡದಲ್ಲಿ ಪಳಗಿದ ಕ್ರಮದಿಂದಲೇ. ಹಾಗಾಗಿ ಈ ಜಾಗ ನಮಗೆ ಪೂರ್ತಿ ಪರಕೀಯವೇನಲ್ಲ.

ಈಗ ಪೂರ್ವ ಬಾಗಿಲು. ಇಲ್ಲಿನ ದಾರಿಯೂ ಪಶ್ಚಿಮದ್ದರ ಹಾಗೇ ಸುತ್ತುಬಳಸು. ಇಲ್ಲೇ ವೀಲರ್‌ಗೆ ಒಂದು ಸ್ಮಶಾನ ಸಿಕ್ಕಿತು. ಗಾಯಗೊಂಡ ಎಲುಬುಗಳು, ಕತ್ತಿಯ ಪೆಟ್ಟು ಬಿದ್ದ ತಲೆಬುರುಡೆಗಳು. ಒಬ್ಬನ ಬೆನ್ನುಮೂಳೆಯಲ್ಲಿ ಕಬ್ಬಿಣದ ಮೊನೆ ನೆಟ್ಟುಕೊಂಡೇ ಇತ್ತು. ವೀಲರ್ ಕತೆ ಕಟ್ಟಿದರು: ಕ್ರಿ.ಶ. 43ರಲ್ಲಿ ರೋಮನ್ ದಂಡನಾಯಕ ವೆಸ್ಪಾಸಿಯನ್ ಮುತ್ತಿಗೆ ಹಾಕಿದ, ಹತ್ಯಾಕಾಂಡ ನಡೆಯಿತು, ಬದುಕುಳಿದವರು ಗಡಿಬಿಡಿಯಲ್ಲಿ ಹೆಣ ಹೂತರು. ಎದೆ ತಟ್ಟುವ ಕತೆ. ದಶಕಗಟ್ಟಲೆ ಎಲ್ಲರೂ ಇದನ್ನೇ ಹೇಳಿದರು.

ಆದರೆ ಗುಂಡಿಗಳಲ್ಲಿ ಮಡಕೆಗಳಿದ್ದವು, ಮಾಂಸದ ಎಡೆ ಇತ್ತು. ಗಡಿಬಿಡಿಯಲ್ಲಿ ಹೂಳುವವರು ಎಡೆ ಇಟ್ಟು ಕಳಿಸುತ್ತಾರಾ? 1985–86ರಲ್ಲಿ ನಿಯಾಲ್ ಶಾರ್ಪಲ್ಸ್ ಮತ್ತೆ ಅಗೆದಾಗ ಅನುಮಾನ ಬಲವಾಯಿತು. 2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದವರು ಎಲುಬುಗಳಿಗೆ ಹೊಸದಾಗಿ ಇಂಗಾಲದ ಕಾಲಮಾಪನ ಮಾಡಿದರು. ಈ ಸಾವುಗಳು ಒಂದೇ ದಿನದವಲ್ಲ ಎಂದು ಗೊತ್ತಾಯಿತು. ಕ್ರಿ.ಪೂ. ಒಂದನೇ ಶತಮಾನದ ಕೊನೆಯಿಂದ ಕ್ರಿ.ಶ. ಒಂದನೇ ಶತಮಾನದ ಮೊದಲ ಭಾಗದವರೆಗೆ, ತಲೆಮಾರುಗಳ ಉದ್ದಕ್ಕೂ ಹರಡಿಕೊಂಡಿವೆ. ರೋಮನ್ನರು ಬರುವ ಮೊದಲೇ ಇಲ್ಲಿನವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಿರಬೇಕು ಎಂಬುದು ಅವರ ತೀರ್ಮಾನ. ಬಾಗಿಲ ಬಳಿ ಅಥವಾ ಅಂತರ್ಜಾಲದಲ್ಲಿ ಯಾರಾದರೂ ನಿಮಗೆ ಹಳೆಯ ಹತ್ಯಾಕಾಂಡದ ಕತೆ ಹೇಳಿದರೆ ಇದನ್ನು ತಿಳಿಸಿ.

ವಾಪಸು ಬರುವಾಗ ದಕ್ಷಿಣದ ಏರಿಗಳ ಗುಂಟ ಬನ್ನಿ. ಸಂಜೆಯ ಓರೆ ಬಿಸಿಲಲ್ಲಿ ಏರಿ, ಕಂದಕ, ಏರಿ, ಕಂದಕ ಎಂದು ಪಟ್ಟೆ ಪಟ್ಟೆಯಾಗಿ ಕಾಣುವುದು ಇಲ್ಲೇ. ಫೋಟೊ ಬೇಕಿದ್ದರೆ ಇಲ್ಲಿ ತೆಗೆಯಿರಿ, ಆದರೆ ಒಬ್ಬರನ್ನು ಏರಿಯ ಮೇಲಿನ ಕಾಲುದಾರಿಯಲ್ಲಿ ನಿಲ್ಲಿಸಿಕೊಳ್ಳಿ. ಮನುಷ್ಯ ಇಲ್ಲದ ಚಿತ್ರದಲ್ಲಿ ಎತ್ತರ ಗೊತ್ತಾಗುವುದಿಲ್ಲ.

ಮಾಡಬಾರದ್ದು

ಇದು ಕಾನೂನಿನ ರಕ್ಷಣೆ ಇರುವ ಸ್ಮಾರಕ. ಅಗೆಯುವುದು, ಲೋಹಶೋಧಕ ಯಂತ್ರ ತರುವುದು ಅಪರಾಧ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ಚಕಮಕಿ ಚೂರು, ಮಡಕೆ ಚೂರು ಕಂಡರೆ ಜೇಬಿಗೆ ಹಾಕಬೇಡಿ. ಅದು ಎಲ್ಲಿ ಬಿದ್ದಿತ್ತು ಎನ್ನುವುದರಲ್ಲೇ ಅದರ ಅರ್ಧ ಬೆಲೆ ಇರುವುದು. ನಾಯಿ ಇದ್ದರೆ ಹಗ್ಗ ಬಿಡಬೇಡಿ. ಗೇಟು ತೆರೆದವರೇ ಮುಚ್ಚಿ, ಇಲ್ಲದಿದ್ದರೆ ಕುರಿಗಳು ರಸ್ತೆಗೆ ಬರುತ್ತವೆ. ಈ ಕುರಿಗಳು ಮೇಯದಿದ್ದರೆ ಗುಡ್ಡದ ತುಂಬ ಪೊದೆ ಬೆಳೆದು ಬೇರುಗಳು ಏರಿಯನ್ನು ಸೀಳುತ್ತವೆ. ಕೋಟೆಯನ್ನು ದಿನಾ ಕಾಯುತ್ತಿರುವುದು ಅವೇ.

ಊರಿಗೆ ಮರಳಿದ ಮೇಲೆ

ಡಾರ್ಚೆಸ್ಟರಿನ ಹೈ ವೆಸ್ಟ್ ಸ್ಟ್ರೀಟಿನಲ್ಲಿರುವ ಡಾರ್ಸೆಟ್ ಮ್ಯೂಸಿಯಂ ತಪ್ಪಿಸಬೇಡಿ. ಮೊನೆ ನೆಟ್ಟ ಆ ಬೆನ್ನುಮೂಳೆ ಅಲ್ಲಿದೆ. ಗುಡ್ಡ ನೋಡಿದ ಮೇಲೆಯೇ ಮ್ಯೂಸಿಯಂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಂಜೆಗೆ ಗುಡ್ಡ ಹತ್ತುವ ಯೋಚನೆ ಇದ್ದು ಮ್ಯೂಸಿಯಂ ಮುಚ್ಚುವ ಹೊತ್ತು ಅಡ್ಡ ಬಂದರೆ, ಊರಲ್ಲಿ ಒಂದು ರಾತ್ರಿ ತಂಗಿ.

ಡಾರ್ಚೆಸ್ಟರ್ ಸೌತ್ ನಿಲ್ದಾಣದ ಪಕ್ಕದಲ್ಲೇ ಮಾಂಬರಿ ರಿಂಗ್ಸ್ ಇದೆ, ರೈಲಿಗೆ ಕಾಯುವ ಹೊತ್ತಿಗೆ ನೋಡಿ ಬರಬಹುದು. ನವಶಿಲಾಯುಗದ ದುಂಡು ಏರಿಯನ್ನು ರೋಮನ್ನರು ಆಟದ ಕಣ ಮಾಡಿಕೊಂಡರು. 1640ರ ದಶಕದ ಅಂತರ್ಯುದ್ಧದಲ್ಲಿ ಅದೇ ತೋಪಿನ ನೆಲೆಯಾಯಿತು. ಒಂದೇ ಏರಿ, ಮೂರು ಕಾಲ. ಮೇಡನ್ ಕ್ಯಾಸಲ್‌ನಲ್ಲಿ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿ ನೋಡಿ.

ಇಂಥ ಗುಡ್ಡ ಇನ್ನೂ ಬೇಕು ಅನ್ನಿಸಿದರೆ ಬ್ಲ್ಯಾಂಡ್‌ಫರ್ಡ್ ಕಡೆ ಹೋಗಿ. ಅಲ್ಲಿ ಹ್ಯಾಂಬಲ್ಡನ್ ಹಿಲ್, ಹಾಡ್ ಹಿಲ್ ಅಕ್ಕಪಕ್ಕದಲ್ಲೇ ಇವೆ. ಎರಡೂ ಚಾಕ್ ಗುಡ್ಡಗಳು, ಎರಡರ ಮೇಲೂ ಕೋಟೆ. ಮೊದಲು ಹಾಡ್ ಹಿಲ್ ಹತ್ತಿ. ಕಬ್ಬಿಣ ಯುಗದ ಕೋಟೆಯ ವಾಯವ್ಯ ಮೂಲೆಯಲ್ಲಿ ರೋಮನ್ನರು ತಮ್ಮದೊಂದು ಶಿಬಿರ ಕಟ್ಟಿಕೊಂಡಿದ್ದಾರೆ. ಹಳೆಯ ಏರಿ ಗುಡ್ಡದ ಅಂಚಿನ ಜೊತೆ ಬಾಗಿ ಸಾಗುತ್ತದೆ, ರೋಮನ್ನರ ಗೆರೆ ಮಾತ್ರ ನೆಟ್ಟಗೆ. ಯಾವುದು ಯಾರದು ಎಂದು ಮಕ್ಕಳೇ ಕೈ ತೋರಿಸಿ ಹೇಳುತ್ತಾರೆ.